ಕಡ್ಡಾಯವೋ, ಹೇರಿಕೆಯೋ? ಮುಂಬಯಿಯಲ್ಲಿ ‘ಸಕ್ತಿ’ ನಡೆಯುವ ಬಗೆ

ಮುಂಬಯಿಯ ಮರಾಠಿ ಪತ್ರಿಕೆ ತೆರೆದರೆ ಒಂದು ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸಕ್ತಿ. ಕಡ್ಡಾಯ, ಬಲವಂತ ಎಂದು ಅರ್ಥ. ಹಿಂದಿ ಸಕ್ತಿ, ಮರಾಠಿ ಸಕ್ತಿ, ಹೆಲ್ಮೆಟ್ ಸಕ್ತಿ. ಜೊತೆಗೆ ಆಗಾಗ ಕೋರ್ಟಿನ ಸುದ್ದಿಯೂ ಬರುತ್ತದೆ: ಮುಂದಿನ ವಿಚಾರಣೆಯವರೆಗೆ ಬಲವಂತದ ಕ್ರಮ ಬೇಡ. ಇದನ್ನು ಓದಿದ ಹೋಟೆಲ್ ಮಾಲಿಕರಿಗೆ, ಅಂಗಡಿಯವರಿಗೆ, ಮಕ್ಕಳನ್ನು ಶಾಲೆಗೆ ಕಳಿಸುವ ತಂದೆ ತಾಯಿಗೆ ಏಳುವ ಪ್ರಶ್ನೆ ಒಂದೇ. ನಿಯಮ ಇದೆಯೋ, ಹೋಯಿತೋ? ಪಾಲಿಸಬೇಕೋ, ಕಾಯಬೇಕೋ?

ಗೊಂದಲ ಆಗುವುದು ಸಹಜ. 2025ರ ಜೂನ್ ಕೊನೆಯಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೇ ತರಗತಿಯಿಂದ ಹಿಂದಿ ಕಲಿಸುವ ಆದೇಶವನ್ನು ವಾಪಸ್ ಪಡೆಯಿತು. ಸಕ್ತಿ ಹೋಯಿತು ಅಂತ ಜನ ಸಂಭ್ರಮಪಟ್ಟರು. ಅದೇ ರಾಜ್ಯದಲ್ಲಿ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಅಂಗಡಿಗಳಿಗೆ ಮರಾಠಿ ಬೋರ್ಡ್ ಕಡ್ಡಾಯ. ಆ ಸಕ್ತಿ ಹಾಗೇ ನಿಂತಿದೆ. ಒಂದು ಬಿದ್ದು ಇನ್ನೊಂದು ನಿಂತದ್ದು ಹೇಗೆ? ಭಾಷೆಯ ಅಭಿಮಾನ ಅಂತ ಹೇಳಿ ಮುಗಿಸಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಉಳಿದರ್ಧ ಸಿಗಬೇಕಾದರೆ ಸರ್ಕಾರದ ಬಲವಂತ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು.

## ಒಂದೇ ಕೋಲಿಗೆ ಹಲವು ಹೆಸರು

ಮರಾಠಿಯಲ್ಲಿ ಎಲ್ಲದಕ್ಕೂ ‘ಸಕ್ತಿ’ ನಡೆಯುತ್ತದೆ. ಕನ್ನಡದಲ್ಲಿ ನಮಗೆ ಪದಗಳು ಜಾಸ್ತಿ ಇವೆ. ಕಡ್ಡಾಯ, ಒತ್ತಾಯ, ಬಲವಂತ, ಹೇರಿಕೆ. ಬಳಸುವಾಗ ಒಂದು ತಮಾಷೆ ಆಗುತ್ತದೆ. ನಿಯಮ ಮಾಡುವವರು ‘ಕಡ್ಡಾಯ’ ಅನ್ನುತ್ತಾರೆ, ಅದನ್ನು ಹೊರಬೇಕಾದವರು ‘ಹೇರಿಕೆ’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಕನ್ನಡ ಕಡ್ಡಾಯ, ಹಿಂದಿ ಹೇರಿಕೆ. ಮುಂಬಯಿಯಲ್ಲಿರುವ ಕನ್ನಡಿಗರು ಈ ಎರಡೂ ತುದಿಯಲ್ಲಿ ನಿಂತವರು. ಊರಿನ ಸುದ್ದಿ ಓದುವಾಗ ಒಂದು ಪದ, ಅಂಗಡಿ ಬಾಗಿಲಿಗೆ ನೋಟಿಸು ಬಂದಾಗ ಇನ್ನೊಂದು ಪದ.

ಬಲವಂತದ ನೀತಿ ಅಂದರೆ ದೊಡ್ಡ ತತ್ವವೇನಲ್ಲ. ನೀವು ಸ್ವಂತ ಇಚ್ಛೆಯಿಂದ ಮಾಡದೇ ಇರಬಹುದಾದ ಕೆಲಸವನ್ನು, ಮಾಡದಿದ್ದರೆ ಇಂಥ ನಷ್ಟ ಆಗುತ್ತದೆ ಎಂದು ಹೇಳಿ ಮಾಡಿಸುವುದು. ಆ ನಷ್ಟ ದಂಡ ಇರಬಹುದು, ಲೈಸೆನ್ಸ್ ರದ್ದು ಇರಬಹುದು, ಬೀಗ ಇರಬಹುದು, ಜೈಲೂ ಇರಬಹುದು. ಸಾಮ, ದಾನ, ಭೇದ ಆದ ಮೇಲೆ ದಂಡ ಅಂತ ಹಿಂದಿನವರು ಇಟ್ಟ ಕ್ರಮವೂ ಇದೇ. (ಕನ್ನಡದಲ್ಲಿ ‘ದಂಡ’ ಎಂದರೆ ಶಿಕ್ಷೆ, ಜುಲ್ಮಾನೆ, ಜೊತೆಗೆ ‘ವ್ಯರ್ಥ’ ಎಂದೂ ಅರ್ಥ. ದುಡ್ಡು ದಂಡ, ಶ್ರಮ ದಂಡ. ಕೆಲವು ನೀತಿಗಳಿಗೆ ಮೂರೂ ಅರ್ಥ ಒಟ್ಟಿಗೆ ಹೊಂದುತ್ತವೆ.)

ಹಾಗೆ ನೋಡಿದರೆ ಬಲವಂತ ಇಲ್ಲದ ಸರ್ಕಾರವೇ ಇಲ್ಲ. ತೆರಿಗೆಯನ್ನು ಯಾರೂ ಖುಷಿಯಿಂದ ಕಟ್ಟುವುದಿಲ್ಲ. ಕೆಂಪು ದೀಪಕ್ಕೆ ಗಾಡಿ ನಿಲ್ಲುವುದು ಪೊಲೀಸರ ಭಯಕ್ಕೇ, ಅಲ್ವಾ? ಆದ್ದರಿಂದ ಬಲವಂತ ಇದೆ ಎಂಬ ಒಂದೇ ಕಾರಣಕ್ಕೆ ಒಂದು ನೀತಿ ತಪ್ಪಾಗುವುದಿಲ್ಲ. ಕೇಳಬೇಕಾದದ್ದು ಬೇರೆ: ಬಲ ಯಾವುದರ ಮೇಲೆ ಬೀಳುತ್ತಿದೆ? ಹೊರಗಿರುವ ಒಂದು ವಸ್ತುವಿನ ಮೇಲೋ, ಕಸುಬಿನ ಮೇಲೋ, ಮನೆಯ ಹೊಸ್ತಿಲು ದಾಟಿ ಒಳಗೋ, ಮೈ ಮತ್ತು ನಾಲಿಗೆಯ ಮೇಲೋ? ಹೊರಗಿನ ವಸ್ತುವಿನಿಂದ ಒಳಗೆ ಹೋದಷ್ಟೂ ಬಲವಂತದ ಖರ್ಚು ಏರುತ್ತದೆ, ಫಲ ಇಳಿಯುತ್ತದೆ. ಮಹಾರಾಷ್ಟ್ರದ ಇತಿಹಾಸದಲ್ಲೇ ಇದಕ್ಕೆ ಬೇಕಾದಷ್ಟು ಉದಾಹರಣೆ ಇವೆ.

## ಬೋರ್ಡಿನ ಕತೆ

ಮೊದಲು ಎಲ್ಲರಿಗೂ ಗೊತ್ತಿರುವ ಬೋರ್ಡನ್ನೇ ತೆಗೆದುಕೊಳ್ಳೋಣ.

ಮಹಾರಾಷ್ಟ್ರದಲ್ಲಿ ಅಂಗಡಿಗಳ ಬೋರ್ಡ್ ಮರಾಠಿಯಲ್ಲಿರಬೇಕು ಎಂಬ ನಿಯಮ ಹೊಸದಲ್ಲ. ಆದರೆ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಅನ್ವಯಿಸುತ್ತಿತ್ತು. ಸಣ್ಣ ಅಂಗಡಿಗಳು ಈ ಸಂದಿಯಲ್ಲಿ ಪಾರಾಗುತ್ತಿದ್ದವು. 2022ರಲ್ಲಿ ತಿದ್ದುಪಡಿ ಬಂತು. ಇನ್ನು ಎಷ್ಟೇ ಜನ ಕೆಲಸಕ್ಕಿರಲಿ, ದೇವನಾಗರಿ ಲಿಪಿಯ ಮರಾಠಿ ಬೋರ್ಡ್ ಬೇಕೇ ಬೇಕು. ಬೇರೆ ಭಾಷೆಯೂ ಇರಬಹುದು, ಆದರೆ ಮರಾಠಿ ಅಕ್ಷರ ಅದಕ್ಕಿಂತ ಚಿಕ್ಕದಾಗಿರಬಾರದು.

ವ್ಯಾಪಾರಿಗಳ ಒಂದು ಒಕ್ಕೂಟ ಬಾಂಬೆ ಹೈಕೋರ್ಟಿಗೆ ಹೋಯಿತು. 2022ರ ಫೆಬ್ರವರಿಯಲ್ಲಿ ಅರ್ಜಿ ವಜಾ ಆಯಿತು, ಮೇಲೆ 25,000 ರೂಪಾಯಿ ಖರ್ಚು ಕಟ್ಟುವ ಆದೇಶವೂ ಬಂತು. ಕೋರ್ಟಿನ ತರ್ಕ ಸರಳವಾಗಿತ್ತು. ಬೇರೆ ಭಾಷೆಯನ್ನು ಯಾರೂ ನಿಷೇಧಿಸಿಲ್ಲ, ಮರಾಠಿಯೂ ಇರಲಿ ಎಂದಷ್ಟೇ ಹೇಳಲಾಗಿದೆ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಈ ನಡುವೆ ಮುಂಬಯಿ ಪಾಲಿಕೆ ಗಡುವಿನ ಮೇಲೆ ಗಡುವು ಕೊಡುತ್ತಾ ಬಂತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸದ್ಯಕ್ಕೆ ಬಲವಂತದ ಕ್ರಮ ಬೇಡ ಎಂದು ಪಾಲಿಕೆಗೆ ಹೇಳಿತು. ಅನೇಕರು ಅಲ್ಲಿಗೆ ಮುಗಿಯಿತು ಅಂದುಕೊಂಡರು.

ಮುಗಿದಿರಲಿಲ್ಲ. 2023ರ ಸೆಪ್ಟೆಂಬರ್ 25ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಉಜ್ಜಲ್ ಭೂಯಾನ್ ಅವರ ಪೀಠ ಎರಡು ತಿಂಗಳಲ್ಲಿ ಮರಾಠಿ ಬೋರ್ಡ್ ಹಾಕಿ ಎಂದಿತು. ದಸರಾ, ದೀಪಾವಳಿ ಬರುತ್ತಿದೆ, ವ್ಯಾಪಾರಕ್ಕೂ ಒಳ್ಳೆಯದೇ ಎಂಬ ಅರ್ಥದ ಮಾತೂ ಬಂತು. ಕರ್ನಾಟಕದಲ್ಲೂ ಇಂಥ ನಿಯಮ ಇದೆ ಎಂದು ಪೀಠ ನೆನಪಿಸಿತು. ಕನ್ನಡದವರೇ ಆದ ನ್ಯಾಯಮೂರ್ತಿಯ ಪೀಠದಲ್ಲಿ ಈ ಮಾತು ಬಂದದ್ದು ಇಲ್ಲಿನ ಹೋಟೆಲಿನವರ ಬಾಯಲ್ಲಿ ಸ್ವಲ್ಪ ದಿನ ಓಡಾಡುವಂಥದ್ದೇ.

ಆಮೇಲಿನ ಲೆಕ್ಕ ನೋಡಿ. ಪ್ರತಿ ಕೆಲಸಗಾರನಿಗೆ 2,000 ರೂಪಾಯಿಯಂತೆ, ಹೆಚ್ಚೆಂದರೆ ಒಂದು ಲಕ್ಷದವರೆಗೆ ದಂಡ ಎಂದು ಪಾಲಿಕೆ ಸಾರಿತು. ಅದೂ ಸಾಲದು ಎಂದು, 2024ರ ಮೇ 1ರಿಂದ ಮರಾಠಿ ಬೋರ್ಡ್ ಇಲ್ಲದವರಿಗೆ ಆಸ್ತಿ ತೆರಿಗೆ ದುಪ್ಪಟ್ಟು ಎಂದು ಪ್ರಕಟಿಸಿತು. ಇಲ್ಲೊಂದು ಸೂಕ್ಷ್ಮ ಇದೆ. ಒಮ್ಮೆ ಕಟ್ಟಿ ಮರೆಯಬಹುದಾದ ದಂಡ ಬೇರೆ, ವರ್ಷವರ್ಷ ಬರುವ ಬಿಲ್ಲು ಬೇರೆ. ದೊಡ್ಡ ಷೋರೂಮಿನವರು ಮೊದಲನೆಯದನ್ನು ವ್ಯಾಪಾರದ ಖರ್ಚಿಗೆ ಸೇರಿಸಿ ಸುಮ್ನೆ ಇದ್ದುಬಿಡಬಹುದು. ಎರಡನೆಯದು ಹಾಗಲ್ಲ.

ಈ ಬಲವಂತ ಬಹುಮಟ್ಟಿಗೆ ಫಲ ಕೊಟ್ಟಿತು. ಯಾಕೆ? ಬೋರ್ಡ್ ಬೀದಿಗೆ ಮುಖ ಮಾಡಿದೆ. ಇನ್‌ಸ್ಪೆಕ್ಟರ್ ಒಳಗೆ ಬರುವುದೇ ಬೇಡ, ನಡೆಯುತ್ತಾ ಹೋದರೆ ಸಾಕು. ಪಾಲಿಸುವವನಿಗೂ ಕೆಲಸ ಸುಲಭ. ಪೇಂಟರನ್ನು ಕರೆಸಿ ಎರಡು ದಿನದಲ್ಲಿ ಮುಗಿಸಬಹುದು. ಪಾಲಿಸಲು ಆಗುವ ಖರ್ಚು ದಂಡಕ್ಕಿಂತ ಕಡಿಮೆ. ಪರೀಕ್ಷೆ ಸುಲಭ, ಪಾಲನೆ ಸುಲಭ, ತಪ್ಪಿಸಿಕೊಳ್ಳುವುದು ದುಬಾರಿ. ಈ ಮೂರೂ ಕೂಡಿದ ಕಡೆ ಬಲವಂತಕ್ಕೆ ಗೆಲುವು.

## ‘ಬಲವಂತದ ಕ್ರಮ ಬೇಡ’ ಅಂದರೆ

ಕೋರ್ಟು ಹೀಗೆ ಹೇಳಿದಾಗ ನಿಯಮ ರದ್ದಾಗುವುದಿಲ್ಲ, ತಡೆಯಾಜ್ಞೆಯೂ ಅಲ್ಲ. ನಿಯಮ ನಿಯಮವಾಗಿಯೇ ಇರುತ್ತದೆ. ಅದನ್ನು ಮುರಿದವನ ಮೇಲೆ ಕೈ ಎತ್ತುವುದನ್ನು ಮಾತ್ರ ಸದ್ಯಕ್ಕೆ ನಿಲ್ಲಿಸಿ ಎಂದರ್ಥ. ಬೀಗ ಹಾಕಬೇಡಿ, ಜಪ್ತಿ ಮಾಡಬೇಡಿ, ಬಂಧಿಸಬೇಡಿ. ತನಿಖೆ ನಡೆಯಬಹುದೇ? ನೋಟಿಸು ಕೊಡಬಹುದೇ? ಮಾತು ಅಲ್ಲಿಗೆ ಮಸುಕಾಗುತ್ತದೆ.

ಈ ಮಸುಕಿನ ಬಗ್ಗೆ ಸುಪ್ರೀಂ ಕೋರ್ಟೇ ತಕರಾರು ತೆಗೆದಿದೆ. ಅದೂ ಮುಂಬಯಿಯಿಂದ ಹೋದ ಪ್ರಕರಣದಲ್ಲಿ. ನಿಹಾರಿಕಾ ಇನ್‌ಫ್ರಾಸ್ಟ್ರಕ್ಚರ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಬಲವಂತದ ಕ್ರಮ ಬೇಡ ಎಂಬ ಮಧ್ಯಂತರ ಆದೇಶ ಕೊಟ್ಟಿತ್ತು. 2021ರ ಏಪ್ರಿಲ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹೀಗೆ ಅಸ್ಪಷ್ಟವಾಗಿ ಹೇಳಬೇಡಿ, ಈ ಮಾತಿನಿಂದ ಏನು ಅರ್ಥ ಎಂದು ಬಿಡಿಸಿ ಬರೆಯಿರಿ, ಕಾರಣವನ್ನೂ ಕೊಡಿ ಎಂದು ಹೈಕೋರ್ಟುಗಳಿಗೆ ಸೂಚಿಸಿತು. ಆ ಪ್ರಕರಣ ಎಫ್‌ಐಆರ್‌ಗೆ ಸಂಬಂಧಿಸಿದ್ದು. ಆದರೂ ಪಾಠ ಎಲ್ಲ ಕಡೆ ಹೊಂದುತ್ತದೆ. ನ್ಯಾಯಾಧೀಶರಿಗೇ ಬಿಡಿಸಿ ಬರೆಯಿರಿ ಎನ್ನಬೇಕಾದ ಮಾತು ಓದುಗರಿಗೆ ಗೊಂದಲ ಮಾಡಿದರೆ ಅದು ಓದುಗರ ತಪ್ಪಲ್ಲ.

## ಮುಟ್ಟದೇ ಒತ್ತುವುದು

ಎಲ್ಲ ಬಲವಂತಕ್ಕೂ ಕೋಲು ಕಾಣುವುದಿಲ್ಲ. 2021ರ ಆಗಸ್ಟ್ 15ರಿಂದ ಮುಂಬಯಿಯ ಲೋಕಲ್ ರೈಲು ಸಾಮಾನ್ಯ ಜನರಿಗೆ ಮತ್ತೆ ತೆರೆಯಿತು. ಷರತ್ತು ಏನೆಂದರೆ ಎರಡು ಡೋಸ್ ಕೋವಿಡ್ ಲಸಿಕೆ ಆಗಿರಬೇಕು, ಎರಡನೇ ಡೋಸಿಗೆ ಹದಿನಾಲ್ಕು ದಿನ ತುಂಬಿರಬೇಕು. ಯಾರ ತೋಳನ್ನೂ ಹಿಡಿದು ಸೂಜಿ ಚುಚ್ಚಲಿಲ್ಲ. ಆದರೆ ಡೊಂಬಿವಲಿಯಿಂದ ಫೋರ್ಟಿಗೆ ಕೆಲಸಕ್ಕೆ ಹೋಗುವವನಿಗೆ ಲೋಕಲ್ ಇಲ್ಲದಿದ್ದರೆ ಸಂಬಳವೇ ಇಲ್ಲ. ಅವನಿಗೆ ಇದು ಆಯ್ಕೆಯೋ, ಅಪ್ಪಣೆಯೋ?

ಕೋರ್ಟುಗಳು ಎರಡು ಬೇರೆ ಬೇರೆ ಉತ್ತರ ಕೊಟ್ಟವು. ಬಾಂಬೆ ಹೈಕೋರ್ಟ್ ನೋಡಿದ್ದು ವಿಧಾನವನ್ನು. ಆದೇಶ ಹೊರಡಿಸುವಾಗ ಸರ್ಕಾರ ತಾನೇ ಮಾಡಿಕೊಂಡ ಕ್ರಮ ಪಾಲಿಸಿಲ್ಲ ಎಂದು 2022ರ ಆರಂಭದಲ್ಲಿ ತರಾಟೆಗೆ ತೆಗೆದುಕೊಂಡಿತು. ಸುಪ್ರೀಂ ಕೋರ್ಟ್ 2022ರ ಮೇ 2ರಂದು ಜಾಕೋಬ್ ಪುಲಿಯೆಲ್ ಪ್ರಕರಣದಲ್ಲಿ ವಿಷಯಕ್ಕೇ ಕೈ ಹಾಕಿತು. ಯಾರಿಗೂ ಲಸಿಕೆಯನ್ನು ಬಲವಂತವಾಗಿ ಕೊಡುವಂತಿಲ್ಲ, ಮೈ ಅವರವರದ್ದು. ಆದರೆ ಸಾರ್ವಜನಿಕ ಆರೋಗ್ಯಕ್ಕಾಗಿ ಕೆಲವು ನಿರ್ಬಂಧ ಹಾಕಬಹುದು, ಆ ನಿರ್ಬಂಧ ಅಪಾಯಕ್ಕೆ ತಕ್ಕಷ್ಟೇ ಇರಬೇಕು. ತಕ್ಕಷ್ಟೇ ಎಂಬುದೇ ಇಲ್ಲಿ ಮುಖ್ಯ. ಗುರಿ ನ್ಯಾಯವಾದದ್ದೇ? ಈ ದಾರಿಯಿಂದ ಆ ಗುರಿ ಸಿಗುತ್ತದೆಯೇ? ಇದಕ್ಕಿಂತ ಮೆತ್ತಗಿನ ದಾರಿ ಇತ್ತೇ? ಸಿಗುವ ಲಾಭಕ್ಕಿಂತ ಆಗುವ ನೋವು ಜಾಸ್ತಿಯೇ? ಬಲವಂತದ ನೀತಿಗಳನ್ನು ಕೋರ್ಟು ತೂಗುವುದು ಹೆಚ್ಚುಕಡಿಮೆ ಈ ಪ್ರಶ್ನೆಗಳಿಂದಲೇ.

ಇದಕ್ಕೂ ಮೊದಲು ಇನ್ನೊಂದು ಮೆಟ್ಟಿಲಿದೆ. ಬಲಕ್ಕೆ ಕಾಯ್ದೆಯ ಆಧಾರ ಬೇಕು, ಬರೀ ಸುತ್ತೋಲೆ ಸಾಲದು. ಆಟೋ ಪರ್ಮಿಟ್ ಬೇಕಾದರೆ ಮರಾಠಿ ಬರಲೇಬೇಕು ಎಂದು 2016ರಲ್ಲಿ ಹೊರಟ ಸುತ್ತೋಲೆಯನ್ನು ಬಾಂಬೆ ಹೈಕೋರ್ಟ್ 2017ರಲ್ಲಿ ಹೊಡೆದು ಹಾಕಿತು.

## ಹಿಂದಿ ಬಿದ್ದದ್ದು, ಮರಾಠಿ ನಿಂತದ್ದು

ಈಗ ಶಾಲೆಗೆ ಬರೋಣ. 2025ರ ಏಪ್ರಿಲ್ 16ರ ಜಿಆರ್ (ಸರ್ಕಾರಿ ಆದೇಶ) ಪ್ರಕಾರ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯವರೆಗೆ ಹಿಂದಿ ಕಡ್ಡಾಯ ಮೂರನೇ ಭಾಷೆ. ಗದ್ದಲ ಎದ್ದಿತು. ಜೂನ್ 17ಕ್ಕೆ ಇನ್ನೊಂದು ಜಿಆರ್ ಬಂತು. ‘ಕಡ್ಡಾಯ’ ಪದ ಹೋಗಿ ಆ ಜಾಗಕ್ಕೆ ‘ಸಾಮಾನ್ಯವಾಗಿ’ ಎಂಬ ಪದ ಬಂದಿತ್ತು. ಹಿಂದಿ ಬೇಡವಾದರೆ ಬೇರೆ ಭಾರತೀಯ ಭಾಷೆ ತೆಗೆದುಕೊಳ್ಳಬಹುದು. ಆದರೆ ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಹಾಗೆ ಕೇಳಬೇಕು. ಅಷ್ಟು ಮಕ್ಕಳಿದ್ದರೆ ಶಿಕ್ಷಕರು, ಇಲ್ಲದಿದ್ದರೆ ಆನ್‌ಲೈನ್ ಪಾಠ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಘಾಟ್‌ಕೋಪರಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯ ಒಂದನೇ ತರಗತಿಯಲ್ಲಿ ಕನ್ನಡ ಬೇಕು ಎನ್ನುವ 20 ಮಕ್ಕಳು ಎಲ್ಲಿಂದ ಸಿಗಬೇಕು? ಕಾಗದದ ಮೇಲೆ ಆಯ್ಕೆ ಇದೆ, ನೆಲದ ಮೇಲೆ ಇಲ್ಲ. ಸುಮ್ಮನಿದ್ದರೆ ಹಿಂದಿ, ಬೇರೆ ಬೇಕಾದರೆ ಹತ್ತೊಂಬತ್ತು ಜನರನ್ನು ಹುಡುಕಿಕೊಂಡು ಬಾ. ಇದನ್ನು ಆಯ್ಕೆ ಅನ್ನುವುದು ಕಷ್ಟ. ಬಲವಂತದ ಅತ್ಯಂತ ನಯವಾದ ರೂಪ ಇದು. ದಂಡವಿಲ್ಲ, ನೋಟಿಸಿಲ್ಲ, ಬೇರೆ ದಾರಿಯನ್ನು ಇಕ್ಕಟ್ಟು ಮಾಡಿ ಬಿಡುವುದು ಅಷ್ಟೇ. ಜನರಿಗೆ ಇದು ಅರ್ಥವಾಗದೇ ಇರಲಿಲ್ಲ. ಜೂನ್ 29ಕ್ಕೆ ಸರ್ಕಾರ ಎರಡೂ ಜಿಆರ್ ಹಿಂತೆಗೆದುಕೊಂಡು ಅರ್ಥತಜ್ಞ ನರೇಂದ್ರ ಜಾಧವ್ ಸಮಿತಿಗೆ ವಿಷಯ ಒಪ್ಪಿಸಿತು. ಜುಲೈ 5ರಂದು ವರ್ಲಿಯಲ್ಲಿ, ಬಹುಕಾಲ ದೂರವಾಗಿದ್ದ ದಾಯಾದಿಗಳಾದ ಉದ್ಧವ್ ಮತ್ತು ರಾಜ್ ಠಾಕ್ರೆ ಒಂದೇ ವೇದಿಕೆ ಹತ್ತಿದರು. ಹಿಂದಿ ಜಿಆರ್‌ನ ನಿಜವಾದ ಸಾಧನೆ ಅದೇ ಇರಬೇಕು.

ಅತ್ತ ಮರಾಠಿ ಕಡ್ಡಾಯ ಕಲಿಕೆಗೆ 2020ರ ಕಾಯ್ದೆ ಇದೆ. ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಬೇಕು, ತಪ್ಪಿದರೆ ಒಂದು ಲಕ್ಷದವರೆಗೆ ದಂಡ. ಇದು ನಿಂತದ್ದಕ್ಕೆ ಕಾರಣಗಳಿವೆ. ಒಂದು, ಇದು ಶಾಸನಸಭೆಯಲ್ಲಿ ಪಾಸಾದ ಕಾಯ್ದೆ, ಸಚಿವಾಲಯದ ಜಿಆರ್ ಅಲ್ಲ. ಎರಡು, ಕೋರ್ಟಿನ ಹಳೆಯ ತೀರ್ಪು ಬೆನ್ನಿಗಿದೆ. ಗುಜರಾತಿ ಭಾಷಿಕರ ಶಾಲೆಗಳು ಮರಾಠಿ ಕಡ್ಡಾಯವನ್ನು ಪ್ರಶ್ನಿಸಿದಾಗ, 2004ರ ಉಷಾ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರ ನಿಂತಿತು. ಇನ್ನೊಂದು ರಾಜ್ಯಕ್ಕೆ ಬಂದು ಬದುಕುವವರು ಅಲ್ಲಿನ ಭಾಷೆ ಕಲಿಯುವುದು ಅವರಿಗೇ ಒಳ್ಳೆಯದು, ಇಲ್ಲದಿದ್ದರೆ ಹೊರಗಿನವರಾಗಿಯೇ ಉಳಿಯುತ್ತಾರೆ ಎಂಬ ಧಾಟಿ ಆ ತೀರ್ಪಿನದು.

ಹಾಗಾದರೆ ಭಾಷೆಯ ವಿಷಯದಲ್ಲಿ ರಾಜ್ಯ ಏನು ಬೇಕಾದರೂ ಮಾಡಬಹುದೇ? ಅದೂ ಇಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಆಗಬೇಕು ಎಂದು ಕರ್ನಾಟಕ ಸರ್ಕಾರ ಹಟ ಹಿಡಿದಾಗ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಒಪ್ಪಲಿಲ್ಲ. ಒಂದು ವಿಷಯವಾಗಿ ಕಲಿಸಿ ಎನ್ನಬಹುದು, ಎಲ್ಲವನ್ನೂ ಇದೇ ಭಾಷೆಯಲ್ಲಿ ಕಲಿಸಿ ಎನ್ನುವಂತಿಲ್ಲ. ಮೊದಲನೆಯದು ಮಗುವಿಗೆ ಒಂದನ್ನು ಸೇರಿಸುತ್ತದೆ. ಎರಡನೆಯದು ತಂದೆ ತಾಯಿಯ ಆಯ್ಕೆಯನ್ನೇ ಕಿತ್ತುಕೊಳ್ಳುತ್ತದೆ.

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಿಗೆ ಹಿಂದಿ ಗದ್ದಲ ಅಷ್ಟಾಗಿ ತಟ್ಟಲಿಲ್ಲ. ಅವುಗಳಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಮೂರು ಭಾಷೆ ಆಗಲೇ ಇದ್ದವು. ಅವುಗಳ ಚಿಂತೆ ಬೇರೆ. ಮಕ್ಕಳೇ ಬರುತ್ತಿಲ್ಲ. ಯಾವ ಕಡ್ಡಾಯವೂ ಅದನ್ನು ಸರಿ ಮಾಡಲಾರದು. ಪಾಲಿಕೆಯ ಮರಾಠಿ ಮಾಧ್ಯಮ ಶಾಲೆಗಳದ್ದೂ ಇದೇ ಪಾಡು ಎಂಬುದು ಮರಾಠಿಯವರನ್ನೇ ಜಾಸ್ತಿ ಚುಚ್ಚುವ ವಿಷಯ.

## ಎರಡೂ ಕಡೆಯವರ ವಾದ

ಕಡ್ಡಾಯ ಬೇಕು ಎನ್ನುವವರ ವಾದ ಹಗುರವಾದದ್ದಲ್ಲ. ಮಾರುಕಟ್ಟೆ ತಾನಾಗಿ ದೊಡ್ಡ ಭಾಷೆಯ ಕಡೆಗೆ ವಾಲುತ್ತದೆ. ಇಂಗ್ಲಿಷ್ ಬೋರ್ಡ್ ಹಾಕಿದ ಒಬ್ಬ ವ್ಯಾಪಾರಿಗೆ ನಷ್ಟವಿಲ್ಲ, ಎಲ್ಲರೂ ಹಾಗೇ ಮಾಡಿದರೆ ಊರಿನ ಭಾಷೆ ಊರಿನ ಬೀದಿಯಿಂದಲೇ ಮಾಯ. ಒಬ್ಬೊಬ್ಬರಾಗಿ ಯಾರೂ ತಪ್ಪು ಮಾಡದೆ ಒಟ್ಟಿನಲ್ಲಿ ತಪ್ಪು ನಡೆದುಹೋಗುವ ಕಡೆ ಸರ್ಕಾರ ಕೈ ಹಾಕಲೇಬೇಕು ಎನ್ನುತ್ತಾರೆ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಬೋರ್ಡಿನ 60 ಭಾಗ ಕನ್ನಡ ಇರಬೇಕು ಎಂದು ಕಾಯ್ದೆ ತಿದ್ದಿದ್ದೂ ಇದೇ ವಾದದಿಂದ. ಬೆಂಗಳೂರಿನಲ್ಲಿ ಇದಕ್ಕೆ ಚಪ್ಪಾಳೆ ಹೊಡೆದವರು ಮುಂಬಯಿಯಲ್ಲಿ ತಕರಾರು ಎತ್ತಿದರೆ ಮಾತು ಒಪ್ಪುವಂತಿರುವುದಿಲ್ಲ.

ಬೇಡ ಎನ್ನುವವರ ವಾದವೂ ಗಟ್ಟಿ. ಕುಂದಾಪುರ, ಕಾರ್ಕಳದಿಂದ ಬಂದ ಹುಡುಗರು ಗಲ್ಲಾದ ಹಿಂದೆ ನಿಂತು ಮರಾಠಿ ಕಲಿತದ್ದು ಯಾವ ಕಾಯ್ದೆಯಿಂದಲೂ ಅಲ್ಲ. ಗಿರಾಕಿ ಮರಾಠಿಯಲ್ಲಿ ಕೇಳುತ್ತಿದ್ದ, ಅದಕ್ಕೆ ಕಲಿತರು. ಬೇಕು ಎನಿಸಿದಾಗ ಕಲಿತ ಭಾಷೆ ಬಾಯಲ್ಲಿ ಉಳಿಯುತ್ತದೆ. ಇಲ್ಲಿನ ಹಿರಿಯ ಕನ್ನಡಿಗರಿಗೆ ಇನ್ನೊಂದು ನೆನಪೂ ಇದೆ. 1960ರ ದಶಕದ ಕೊನೆಯಲ್ಲಿ ಶಿವಸೇನೆ ದಕ್ಷಿಣದವರ ವಿರುದ್ಧ ಎದ್ದಾಗ ಉಡುಪಿ ಹೋಟೆಲುಗಳ ಮೇಲೂ ಕಲ್ಲು ಬಿದ್ದಿತ್ತು. ‘ಸಕ್ತಿ’ ಎಂಬ ಪದ ಅವರ ಕಿವಿಗೆ ಬೇರೆಯದೇ ರೀತಿ ಕೇಳಿಸುತ್ತದೆ.

## ಕೋಲು ಬೇರೆಯವರ ಕೈಗೆ ಹೋದಾಗ

ಎರಡೂ ವಾದಗಳು ಬಿಟ್ಟುಬಿಡುವ ಅಪಾಯ ಒಂದಿದೆ. ಸರ್ಕಾರ ಒಂದು ಬಲವಂತವನ್ನು ಸರಿ ಎಂದು ಸಾರಿದಾಗ, ಅದನ್ನು ಜಾರಿ ಮಾಡುವ ಹಕ್ಕು ತಮಗೂ ಇದೆ ಎಂದು ಕೆಲವರು ಅಂದುಕೊಳ್ಳುತ್ತಾರೆ.

2025ರ ಜೂನ್-ಜುಲೈ ಹೊತ್ತಿಗೆ ಮೀರಾ ರೋಡಿನಲ್ಲಿ ತಿಂಡಿ ಅಂಗಡಿಯ ವ್ಯಾಪಾರಿಯೊಬ್ಬರಿಗೆ ಮರಾಠಿ ಮಾತಾಡಲಿಲ್ಲ ಎಂದು ಮಹಾರಾಷ್ಟ್ರ ನವನಿರ್ಮಾಣ ಸೇನೆಯ ಕಾರ್ಯಕರ್ತರು ಹೊಡೆದರು. ವಿಡಿಯೋ ಎಲ್ಲೆಡೆ ಹರಿದಾಡಿತು. ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಅದಕ್ಕೆ ಎದುರಾಗಿ ಜುಲೈ 8ರಂದು ಮರಾಠಿ ಪರ ಮೋರ್ಚಾ ನಡೆಯಿತು. ಇಲ್ಲಿ ನೆನಪಿಡಬೇಕಾದ ಸಂಗತಿ: ಅಂಗಡಿಯವನು ಗಿರಾಕಿಯ ಜೊತೆ ಮರಾಠಿಯಲ್ಲೇ ಮಾತಾಡಬೇಕು ಎಂದು ಮಹಾರಾಷ್ಟ್ರದ ಯಾವ ಕಾಯ್ದೆಯೂ ಹೇಳುವುದಿಲ್ಲ. 2025ರ ಫೆಬ್ರವರಿಯ ಜಿಆರ್ ಸರ್ಕಾರಿ ಕಚೇರಿಗಳಲ್ಲಿ ಮರಾಠಿ ಮಾತಾಡಬೇಕು ಎಂದಿತ್ತು. ಅದರಲ್ಲೂ ಮರಾಠಿ ಬಾರದೆ ಬಂದವರಿಗೆ ವಿನಾಯಿತಿ ಇತ್ತು. ಕಾಯ್ದೆ ಬೋರ್ಡಿನ ಬಗ್ಗೆ ಹೇಳಿತು, ಬೀದಿ ಅದನ್ನು ನಾಲಿಗೆಗೆ ಹಚ್ಚಿತು.

ಬೆಂಗಳೂರಿನಲ್ಲೂ ಹೀಗೇ ಆಯಿತು. 2023ರ ಡಿಸೆಂಬರ್ 27ರಂದು ಕನ್ನಡ ಪರ ಸಂಘಟನೆಯ ಕಾರ್ಯಕರ್ತರು ಇಂಗ್ಲಿಷ್ ಬೋರ್ಡುಗಳನ್ನು ಒಡೆದರು. ಸರ್ಕಾರದ ದಂಡಕ್ಕೆ ರಸೀದಿ ಇದೆ, ಅಪೀಲು ಇದೆ, ವಿಚಾರಣೆಯ ತಾರೀಕು ಇದೆ. ಬೀದಿಯ ದಂಡಕ್ಕೆ ಇವು ಯಾವುದೂ ಇಲ್ಲ. ಹೊಡೆದವರ ಮೇಲೆ ಕ್ರಮ ತಡವಾದಷ್ಟೂ ಬೋರ್ಡಿನ ನ್ಯಾಯವಾದ ನಿಯಮಕ್ಕೂ ಕೆಟ್ಟ ಹೆಸರು.

## ಪ್ಲಾಸ್ಟಿಕ್, ತಂದೂರು, ಹೆಲ್ಮೆಟ್

ಭಾಷೆಯಿಂದ ಸ್ವಲ್ಪ ಆಚೆ ಹೋದರೆ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. 2005ರ ಜುಲೈ 26ರ ಪ್ರವಾಹದಲ್ಲಿ ಮೋರಿಗಳು ಪ್ಲಾಸ್ಟಿಕ್ ಚೀಲದಿಂದ ಕಟ್ಟಿದ್ದವು. ತೆಳು ಚೀಲಗಳ ಮೇಲೆ ನಿಷೇಧ ಬಂತು. ಚೀಲ ಹೋಗಲಿಲ್ಲ. 2018ರಲ್ಲಿ ಇನ್ನೂ ದೊಡ್ಡ ನಿಷೇಧ: ಮೊದಲ ತಪ್ಪಿಗೆ 5,000, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿ ಮತ್ತು ಮೂರು ತಿಂಗಳವರೆಗೆ ಜೈಲು. ದಂಡ ಭಾರೀ, ಆದರೆ ಹೋಟೆಲಿನ ಪಾರ್ಸೆಲ್ ಸಾಂಬಾರನ್ನು ಯಾವುದರಲ್ಲಿ ಕಟ್ಟಬೇಕು ಎಂಬುದಕ್ಕೆ ಅಗ್ಗದ ಉತ್ತರ ಇರಲಿಲ್ಲ. ಜಾರಿಯಾದ ಕೆಲವೇ ದಿನಗಳಲ್ಲಿ ಕಿರಾಣಿಯವರಿಗೆ ಸಡಿಲಿಕೆ ಸಿಕ್ಕಿತು. ತಪಾಸಣೆ ಜೋರಾದ ವಾರ ಚೀಲ ಮಾಯ, ಆಮೇಲೆ ಗಲ್ಲಾದ ಕೆಳಗಿಂದ ಮತ್ತೆ ಹೊರಗೆ. ಇಲ್ಲಿ ಪರೀಕ್ಷೆ ಕಷ್ಟ, ಪಾಲನೆಯೂ ಕಷ್ಟ. ದಂಡದ ಮೊತ್ತ ಏರಿಸಿದರೆ ಪಾಲನೆ ಏರುತ್ತದೆ ಎನ್ನುವುದು ಸುಳ್ಳು. ಸಿಕ್ಕಿಬೀಳುವ ಭಯ ಏರಬೇಕು. ಮೊತ್ತ ಮಾತ್ರ ಏರಿದರೆ ಏರುವುದು ಲಂಚದ ದರ.

ತಂದೂರಿನದು ಇನ್ನೂ ಸಂಕೀರ್ಣ. ಮುಂಬಯಿಯ ಹೊಗೆಯ ವಿಷಯದಲ್ಲಿ ಬಾಂಬೆ ಹೈಕೋರ್ಟ್ 2025ರ ಜನವರಿ 9ರಂದು ಆರು ತಿಂಗಳಲ್ಲಿ ಕಟ್ಟಿಗೆ, ಕಲ್ಲಿದ್ದಲ ಬೇಕರಿಗಳನ್ನು ಗ್ಯಾಸಿನಂಥ ಶುದ್ಧ ಇಂಧನಕ್ಕೆ ಬದಲಿಸಿ ಎಂದಿತು. ತಂದೂರು ಇಟ್ಟ ಹೋಟೆಲುಗಳಿಗೂ ಪಾಲಿಕೆಯಿಂದ ನೋಟಿಸು ಹೋಯಿತು. ಉದ್ದೇಶ ಪ್ರಶ್ನಾತೀತ, ಹಳೆ ಪೀಠೋಪಕರಣದ ಮರ ಸುಟ್ಟ ಹೊಗೆ ಯಾರ ಪುಪ್ಪುಸಕ್ಕೂ ಒಳ್ಳೆಯದಲ್ಲ. ಆದರೆ ಬೋರ್ಡ್ ಬದಲಿಸಿದ ಹಾಗೆ ಒಲೆ ಬದಲಿಸಲು ಆಗುವುದಿಲ್ಲ. ಗ್ಯಾಸ್ ಪೈಪ್ ಆ ಗಲ್ಲಿಗೆ ಬಂದಿರಬೇಕು. ಹಳೆ ಕಟ್ಟಡದಲ್ಲಿ ಜಾಗ ಇರಬೇಕು. ಹೊಸ ಒಲೆಗೆ ಬಂಡವಾಳ ಬೇಕು. ದೊಡ್ಡವರು ಬದಲಾಯಿಸುತ್ತಾರೆ, ಪಾವ್ ಮಾಡಿ ಬದುಕುವ ಸಣ್ಣ ಬೇಕರಿಯವನು ಕೋರ್ಟಿಗೆ ಹೋಗುತ್ತಾನೆ ಅಥವಾ ಮುಚ್ಚುತ್ತಾನೆ. ಗಡುವಿನ ಜೊತೆ ಸಾಲ ಅಥವಾ ಸಹಾಯಧನ ಕೊಟ್ಟಿದ್ದರೆ ಇದೇ ಬಲವಂತ ಅರ್ಧ ಗದ್ದಲದಲ್ಲಿ ಮುಗಿಯುತ್ತಿತ್ತು ಅನಿಸುತ್ತದೆ.

ಪುಣೆಯ ಹೆಲ್ಮೆಟ್ ಸಕ್ತಿ ಮಾತ್ರ ಬೇರೆ ಜಾತಿ. ಕಾಯ್ದೆ ಇಡೀ ದೇಶದ್ದು, ಹೆಲ್ಮೆಟ್ ಸಾವಿರ ರೂಪಾಯಿಗೆ ಸಿಗುತ್ತದೆ, ಉಳಿಯುವುದು ಹಾಕಿಕೊಂಡವನದೇ ತಲೆ. ಆದರೂ 2019ರ ಜನವರಿ 1ರಿಂದ ಪೊಲೀಸರು ಬಿಗಿ ಮಾಡಿದಾಗ ಊರಿಗೆ ಊರೇ ವಿರೋಧಿಸಿತು. ಇದಕ್ಕೆ ತರ್ಕ ಹುಡುಕಿ ಪ್ರಯೋಜನವಿಲ್ಲ.

## ಹೊಸ್ತಿಲು ದಾಟಿದ ಎರಡು ಸಲ

ಹೆಲ್ಮೆಟ್ ಗಲಾಟೆ ನೋಡಿ ನಗಬಹುದು. ಅದೇ ಪುಣೆ 1897ರಲ್ಲಿ ಕಂಡದ್ದು ನಗುವಂಥದ್ದಲ್ಲ. ಪ್ಲೇಗ್ ಬಂದಿತ್ತು. ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಡಬ್ಲ್ಯು.ಸಿ. ರ‍್ಯಾಂಡ್ ಎಂಬ ಅಧಿಕಾರಿಯ ಕೆಳಗೆ ಸೈನಿಕರು ಮನೆಮನೆಗೆ ನುಗ್ಗಿದರು. ಅಡುಗೆಮನೆ, ದೇವರಮನೆ ನೋಡಲಿಲ್ಲ. ಹೆಂಗಸರನ್ನು ಪರೀಕ್ಷಿಸಿದರು, ಸಾಮಾನು ಸುಟ್ಟರು. ರೋಗ ತಡೆಯುವ ಉದ್ದೇಶ ಸುಳ್ಳಾಗಿರಲಿಲ್ಲ. ಆದರೆ ಜನ ರೋಗಿಗಳನ್ನು ಬಚ್ಚಿಡಲು ಶುರು ಮಾಡಿದರು. ಪ್ಲೇಗಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು? ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ಆ ಕಾಲದ ಬರಹಗಳಿಗಾಗಿ ತಿಲಕರು ರಾಜದ್ರೋಹದ ಆರೋಪದಲ್ಲಿ ಜೈಲಿಗೆ ಹೋದರು. 2020ರ ಲಾಕ್‌ಡೌನಿನಲ್ಲೂ ಅದೇ 1897ರ ಕಾಯ್ದೆಯನ್ನು ಬಳಸಿದ್ದರು.

ಎರಡನೇ ಸಲ ಮೈಗೇ ಕೈ ಹಾಕಿದ್ದು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಮೂರು ಮಕ್ಕಳಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಕಡ್ಡಾಯ ಮಾಡುವ ಮಸೂದೆಯನ್ನು ಮಹಾರಾಷ್ಟ್ರದ ಶಾಸನಸಭೆ ಪಾಸು ಮಾಡಿತು. ರಾಷ್ಟ್ರಪತಿಯ ಅಂಕಿತ ಬೀಳಲಿಲ್ಲ, ಕಾಯ್ದೆ ಆಗಲಿಲ್ಲ. ಆದರೆ ದೇಶದಾದ್ಯಂತ ಕಾಯ್ದೆ ಇಲ್ಲದೆಯೇ ಕೆಲಸ ನಡೆಯಿತು. ಮೇಷ್ಟರಿಗೆ, ಸರ್ಕಾರಿ ನೌಕರರಿಗೆ ಇಂತಿಷ್ಟು ಜನರನ್ನು ಕರೆತನ್ನಿ ಎಂದು ಗುರಿ ಕೊಟ್ಟರು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಜಾಸ್ತಿ ಶಸ್ತ್ರಚಿಕಿತ್ಸೆ ಆದವು. ಅಂಕಿ ಗೆದ್ದಿತು, ಸರ್ಕಾರ ಸೋತಿತು. ‘ಕುಟುಂಬ ಯೋಜನೆ’ ಎಂಬ ಹೆಸರನ್ನೇ ‘ಕುಟುಂಬ ಕಲ್ಯಾಣ’ ಎಂದು ಬದಲಿಸಬೇಕಾಯಿತು. ಗಂಡಸರು ಆ ಹೆದರಿಕೆಯಿಂದ ಹೊರಬರಲೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇಕಡ 37.9, ಗಂಡಸರದ್ದು ಶೇಕಡ 0.3. ಭಾರ ಪೂರ್ತಿ ಹೆಂಗಸರ ಮೇಲೆ ಬೀಳಲು ಆ ವರ್ಷ ಒಂದೇ ಕಾರಣ ಅಲ್ಲ, ಆದರೆ ದೊಡ್ಡ ಕಾರಣ.

## ಮುಂದೆ ಏನಾಗಬಹುದು

ಬೋರ್ಡಿನ ನಿಯಮ ಇಲ್ಲೇ ಉಳಿಯುತ್ತದೆ. ಕೋರ್ಟು ಒಪ್ಪಿದೆ, ಎಲ್ಲ ಪಕ್ಷಗಳೂ ಒಪ್ಪಿವೆ, ವ್ಯಾಪಾರಿಗಳು ಬಹುಪಾಲು ಪೇಂಟ್ ಮಾಡಿಸಿಯೂ ಆಗಿದೆ. ಶಾಲೆಯ ಮೂರನೇ ಭಾಷೆ ಬೇರೆ ರೂಪದಲ್ಲಿ ಮತ್ತೆ ಬರಬಹುದು. ಬಂದಾಗ ‘ಕಡ್ಡಾಯ’ ಎಂಬ ಪದ ಇದೆಯೋ ಇಲ್ಲವೋ ಎಂದು ಹುಡುಕಬೇಡಿ. ಆಯ್ಕೆ ಮಾಡಲು ಎಷ್ಟು ಮಕ್ಕಳು ಬೇಕು, ಶಿಕ್ಷಕರನ್ನು ಯಾರು ಕೊಡುತ್ತಾರೆ ಎಂಬ ಸಾಲು ಓದಿ. ಹೊಗೆ, ಕಸ, ಪ್ಲಾಸ್ಟಿಕ್ಕಿನ ನಿಯಮಗಳು ಇನ್ನೂ ಬಿಗಿಯಾಗುತ್ತವೆ, ಅದರ ಬಿಸಿ ಮೊದಲು ತಟ್ಟುವುದು ಸಣ್ಣ ಹೋಟೆಲುಗಳಿಗೆ.

ನೋಟಿಸು ಬಂದರೆ ಮೊದಲು ಯಾವ ಕಾಯ್ದೆಯ ಯಾವ ಕಲಮಿನ ಕೆಳಗೆ ಎಂದು ನೋಡಬೇಕು. ಉತ್ತರ ಕೊಡಲು ಎಷ್ಟು ದಿನ ಇದೆ, ಯಾರ ಮುಂದೆ ಹಾಜರಾಗಬೇಕು ಎಂಬುದು ಎರಡನೆಯದು. ‘ಬಲವಂತದ ಕ್ರಮ ಬೇಡ’ ಎಂಬ ಸುದ್ದಿ ಕಂಡರೆ ಆ ರಕ್ಷಣೆ ಅರ್ಜಿ ಹಾಕಿದವರಿಗೆ ಮಾತ್ರವೋ, ಎಲ್ಲರಿಗೋ ಎಂದು ವಿಚಾರಿಸಬೇಕು. ಅನೇಕ ಸಲ ಅದು ಅರ್ಜಿದಾರರಿಗೆ ಮಾತ್ರ ಇರುತ್ತದೆ. ಆಮೇಲೆ ತಾರೀಕು. ಬೋರ್ಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಎರಡು ತಿಂಗಳು 2023ರ ನವೆಂಬರ್ 25ಕ್ಕೆ ಮುಗಿಯಿತು. ಅಂದು ಶನಿವಾರ. ಮಂಗಳವಾರ, ನವೆಂಬರ್ 28ಕ್ಕೆ, ಪಾಲಿಕೆಯವರು ಪಟ್ಟಿ ಹಿಡಿದು ಬೀದಿಗೆ ಇಳಿದಿದ್ದರು.